ಉರುಟಾಗಿಯೇ ಉಳಿದ ಗುಂಡು

ಅಪ್ಪ ಕೇಳಿದಾಗ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಹೇಳಬಹುದಿತ್ತು, ಆಗಲೂ ಹೇಳಲಿಲ್ಲ. ಅಪ್ಪ ಹಾಸಿಗೆ ಹಿಡಿದು, ಮಾತು ನಿಂತು, ಕಣ್ಣು ಮಾತ್ರ ಆಡಿಸುತ್ತಿದ್ದ ಕಾಲದಲ್ಲಿ ಅವನಿಗೆ ಗಂಜಿ ಕುಡಿಸುತ್ತಿದ್ದವಳು ನಾನೇ. ಕೋಣೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಚಮಚ ಬಾಯಿಗಿಡುವಾಗಲೆಲ್ಲ ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗಂಜಿ ಮುಗಿಯುತ್ತಿತ್ತು. ನಾನು ಏಳನೇ ಕ್ಲಾಸಿನ ತನಕ ಓದಿದವಳು, ಕಳಸದ ಪೇಟೆಯಲ್ಲಿ ರವಿಕೆ ಹೊಲಿದು ಬದುಕಿದವಳು. ಬರೆದು ಅಭ್ಯಾಸವಿಲ್ಲ. ಆದರೆ ಹುಟ್ಟಿದ ಮನೆಯ ಬಗ್ಗೆ ಬರೆಯಲು ಕೂತರೆ ಈ ಮಾತನ್ನು ದಾಟಿ ಮುಂದಕ್ಕೆ ಹೋಗಲು ಆಗುವುದಿಲ್ಲ. ನನ್ನ ಅಣ್ಣ ಚಂದ್ರನ ಕೈ ಯಾವತ್ತೂ ನಡುಗಿರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ನಮ್ಮ ಮನೆ ದೇವರಮನೆ ಗುಡ್ಡದ ಬುಡದಲ್ಲಿತ್ತು. ಮೂರು ಕೋಣೆ, ಹಿಂದೆ ಒಂದು ಜಗಲಿ, ಅದರಾಚೆ ಕೊಟ್ಟಿಗೆ. ಮೇಲೆ ಒಂದಿಷ್ಟು ಕಾಫಿ, ಕೆಳಗೆ ಗದ್ದೆ. ಮುಂದಿನ ಕೋಣೆಯಲ್ಲಿ ಭತ್ತದ ಪೆಟ್ಟಿಗೆಯ ಮೇಲೆ ಗೋಡೆಗೆ ಎರಡು ಹಲಸಿನ ಗೂಟ, ಆ ಗೂಟಗಳ ಮೇಲೆ ಅಪ್ಪನ ಕೋವಿ. ಬೆಳೆ ಕಾಯಲಿಕ್ಕೆಂದು ಅಜ್ಜನ ಕಾಲದಿಂದ ಬಂದ ಲೈಸೆನ್ಸು. ನಾನು ಮತ್ತು ಅಣ್ಣ ಮಲಗುತ್ತಿದ್ದದ್ದು ಅದರ ಕೆಳಗೇ. ಆಯುಧಪೂಜೆಯ ದಿನ ಮೊದಲ ಕುಂಕುಮ ಕೋವಿಗೆ, ಆಮೇಲೆ ಕತ್ತಿ, ಗುದ್ದಲಿ, ಕೊನೆಗೆ ಅವ್ವನ ಈಳಿಗೆಮಣೆಗೆ. ಅವ್ವ ಪ್ರತಿ ವರ್ಷವೂ ಅದಕ್ಕೊಂದು ಮಾತು ಆಡದೆ ಬಿಡುತ್ತಿರಲಿಲ್ಲ.

"ವರ್ಷವಿಡೀ ನಿಮ್ಮ ಹೊಟ್ಟೆ ತುಂಬ್ಸೋದು ಯಾವ್ದು? ಕೋವಿಯಾ, ಈಳಿಗೆಮಣೆಯಾ?"

"ಭತ್ತ ಉಳಿಸೋದು ಕೋವಿ. ಭತ್ತ ಇಲ್ದಿದ್ರೆ ಈಳಿಗೇಲಿ ಎಂಥ ಹೆಚ್ತೀಯ, ನಿನ್ನ ತಮ್ಮನ ತಲೆಯಾ?" ಅನ್ನುತ್ತಿದ್ದ ಅಪ್ಪ.

ಅಂಗಡಿಯ ತೋಟಾ ಸಿಗುವುದು ಕಷ್ಟವಿತ್ತು. ಹಾಗಾಗಿ ಹೊಡೆದು ಖಾಲಿಯಾದ ಹಿತ್ತಾಳೆಯ ತೋಟಾಗಳನ್ನೇ ನಾವು ಮನೆಯಲ್ಲಿ ಮತ್ತೆ ಮತ್ತೆ ತುಂಬುತ್ತಿದ್ದೆವು. ಇದು ಹಗಲಿನ ಕೆಲಸ. ಒಲೆ ಪೂರ್ತಿ ಆರಿದ ಮೇಲೆ, ಅವ್ವ ಅದಕ್ಕೆ ನೀರು ಚಿಮುಕಿಸಿ "ಹೂಂ, ಶುರು ಮಾಡಿ" ಅಂದ ಮೇಲೆ ಹಿಂದಿನ ಜಗಲಿಯಲ್ಲಿ ಚಾಪೆ ಹಾಸುತ್ತಿದ್ದೆವು. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಒಂಟಿಗುಂಡು ಮಾಡುವುದು ಅಪ್ಪನ ಕೆಲಸ. ಅದನ್ನು ಮೊದಲೇ ಅಂಗಳದಲ್ಲಿ ಮುಗಿಸಿರುತ್ತಿದ್ದ. ಒಂದು ಸಲ ಅವ್ವನ ಒಗ್ಗರಣೆ ಸೌಟಿನಲ್ಲೇ ಸೀಸ ಕರಗಿಸಿ, ತಿಕ್ಕಿ ತೊಳೆದು ವಾಪಸು ಇಟ್ಟಿದ್ದ. ಅವ್ವ ಅದನ್ನು ಪತ್ತೆಮಾಡಿ ಸೌಟನ್ನು ಗದ್ದೆಗೆ ಎಸೆದು ಎರಡು ದಿನ ಒಗ್ಗರಣೆಯಿಲ್ಲದ ಸಾರು ಬಡಿಸಿದ್ದಳು. ತೋಟಾದ ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸುವುದು ಅಣ್ಣನ ಪಾಲು. ಮಸಿ ಅಳೆದು ಹಾಕುವುದು ನನ್ನದು. ಕೋವಿಯ ಮದ್ದಿಗೆ ನಮ್ಮಲ್ಲಿ ಮಸಿ ಅನ್ನುವುದು. ನನ್ನ ಬೆರಳು ಸಣ್ಣದು, ಚೆಲ್ಲುವುದಿಲ್ಲ ಎಂದು ಅಪ್ಪ ಆ ಕೆಲಸ ನನಗೆ ಕೊಟ್ಟಿದ್ದ. ಬಿದಿರಿನ ಸಣ್ಣ ಅಳತೆ, ಅದರ ಒಳಗೆ ಅಪ್ಪ ಚಾಕುವಿನಲ್ಲಿ ಎಳೆದ ಗೀಟು. ಗೀಟಿನ ತನಕ ಮಸಿ, ಅದರ ಮೇಲೆ ಹಳೇ ಕಂಬಳಿಯಿಂದ ಕತ್ತರಿಸಿದ ಬಿಲ್ಲೆ, ಅದರ ಮೇಲೆ ಗುಂಡು, ಕೊನೆಗೆ ಯಾರದೋ ಮದುವೆ ಕಾಗದದಿಂದ ಕತ್ತರಿಸಿದ ಮುಚ್ಚಳ, ಅಂಚಿಗೆ ಮೇಣ. ಶಾಲೆ ಬಿಡಿಸಿದ ಮೇಲೆ ಮನೆಯಲ್ಲಿ ನನಗೆ ಹೆಮ್ಮೆ ಅಂತ ಇದ್ದದ್ದು ಇದೊಂದೇ.

ತುಂಬಿದ ತೋಟಾದಲ್ಲಿ ಒಂದನ್ನು ಅಪ್ಪ ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದ ಹಲಸಿನ ದಿಮ್ಮಿಗೆ ಹೊಡೆದು ನೋಡುತ್ತಿದ್ದ. ಆಮೇಲೆ ತೂತಿನೊಳಗೆ ಬೆರಳು ಹಾಕಿ ಆಳ ನೋಡುವುದು, ಉಳಿ ಹಾಕಿ ಗುಂಡನ್ನು ಕೀಳುವುದು. ಹೋಗುವಾಗ ಉರುಟಾಗಿದ್ದ ಗುಂಡು ಬರುವಾಗ ಅಂಗೈಯಲ್ಲಿ ಅದುಮಿದ ಕಡುಬಿನ ಹಾಗೆ ಚಪ್ಪಟೆಯಾಗಿ, ಅಂಚು ಹರಿದುಕೊಂಡು ಬರುತ್ತಿತ್ತು. ಅದು ಸರಿಯಾದ ಈಡು, ಸರಿಯಾದ ಹೊಡೆತ ಅಂತ ಲೆಕ್ಕ.

"ಗುಂಡಿಗೆ ಬರೀ ತೂಕ ಇದ್ರೆ ಸಾಲ್ದು ಕಣೇ, ಓಟ ಇರ್ಬೇಕು" ಎಂದು ಅಪ್ಪ ನನ್ನ ಅಂಗೈಗೆ ಆ ಬಿಸಿ ಸೀಸ ಹಾಕುತ್ತಿದ್ದ. "ಓಟ ಇಲ್ದಿರೋ ಗುಂಡು ಒಳ್ಳೆ ನೆಂಟರ ತರ. ಬಾಗ್ಲ ತನಕ ಬರುತ್ತೆ, ಒಳಗೆ ಬರಕ್ಕೆ ನಾಚ್ಕೊಳ್ಳುತ್ತೆ."

"ನಮ್ಮನೆ ನೆಂಟರು ಹಂಗೇನಿಲ್ಲಪ್ಪ, ಅಡುಗೆಮನೆಗೇ ಬಂದು ಪಾತ್ರೆ ಮುಚ್ಚಳ ತೆಗೀತಾರೆ" ಎಂದು ಅಣ್ಣ ನಗುತ್ತಿದ್ದ. ಅದು ಅವ್ವನ ತಮ್ಮ, ನಮ್ಮ ಸೋದರಮಾವನನ್ನು ಕುರಿತು ಹೇಳಿದ್ದು. ಅವ್ವನಿಗೆ ಕೇಳಿಸಿದರೆ ಸೌಟು ಹಾರಿ ಬರುತ್ತಿತ್ತು.

ಅಪ್ಪನ ಅಚ್ಚು ಒಂದು ಕಡೆ ಸೀಳಿತ್ತು. ಹಾಗಾಗಿ ನಮ್ಮ ಮನೆಯ ಗುಂಡಿನ ನಡುವಿಗೆ ಕೂದಲೆಳೆಯಂಥ ಒಂದು ಏಣು ಬರುತ್ತಿತ್ತು. ಬೇಟೆಯ ಮಾಂಸದಲ್ಲಿ ಗುಂಡು ಸಿಕ್ಕರೆ ಏಣು ಸವರಿ ಇದು ನಮ್ಮದು ಅನ್ನಬಹುದಿತ್ತು. ಈಗಿನ ಕಾಲಕ್ಕೆ ಇವೆಲ್ಲ ಬಾಯಿಬಿಟ್ಟರೆ ಕೇಸಾಗುವ ಮಾತು. ಆಗಲೂ ತಪ್ಪೇ ಇದ್ದಿರಬೇಕು. ಆದರೆ ಒಂದು ಹಿಂಡು ಹಂದಿ ಇಳಿದರೆ ಬೆಳಗಾಗುವಷ್ಟರಲ್ಲಿ ಗದ್ದೆ ಉತ್ತ ಹಾಗೆ ಆಗುತ್ತಿತ್ತು. ಅದನ್ನು ನೋಡಿದವರಿಗೆ ಮಾತ್ರ ನಾನು ಹೇಳುವುದು ಅರ್ಥವಾದೀತು.

ಅಣ್ಣನ ಕೈಯ ಬಗ್ಗೆ ಹೇಳಬೇಕು. ನನಗಿಂತ ಆರು ವರ್ಷ ದೊಡ್ಡವನು. ಅವ್ವನಿಗೆ ಜ್ವರ ಬಂದರೆ ನನಗೆ ಜಡೆ ಹಾಕುತ್ತಿದ್ದವನು ಅವನು. ಅವ್ವನ ಜಡೆಗಿಂತ ಅವನದು ಬಿಗಿಯಾಗಿ ನಿಲ್ಲುತ್ತಿತ್ತು. ಗದ್ದೆಯ ಬದುವಿನ ಮೇಲೆ ಅಂಚಿನ ತನಕ ತುಂಬಿದ ಚಾ ಲೋಟ ಹಿಡಿದು ಒಂದು ಹನಿ ಚೆಲ್ಲದೆ ಅಪ್ಪನ ತನಕ ಹೋಗುತ್ತಿದ್ದ. ಕಿತ್ತಳೆಗೆ ಕಸಿ ಕಟ್ಟಿದರೆ ಹಿಡಿಯದೆ ಇರುತ್ತಿರಲಿಲ್ಲ. ಅಪ್ಪನಿಗೆ ಮಂಡಿನೋವು ಜೋರಾದ ವರ್ಷ, "ಈ ಸಲ ಗದ್ದೆ ಕಾವಲು ಚಂದ್ರಂದೇ" ಎಂದು ಎಲ್ಲರೆದುರು ಹೇಳಿದಾಗ ಅಣ್ಣ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಅದೇ ವರ್ಷ ಚುನಾವಣೆ ಬಂದಿತ್ತು. ಚುನಾವಣೆ ಅಂದರೆ ನಮ್ಮ ಕಡೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಪ್ಪ ಎಣ್ಣೆ ಸವರಿ, ಹಳೇ ಪಂಚೆ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಬಸ್ಸಿನ ತನಕ ಎದೆಗಾನಿಸಿಕೊಂಡು ಹೋಗಿದ್ದ. ಮಂಡಿನೋವಿನಿಂದ ಬಿಡಿಸಿಕೊಂಡು ಬರುವುದು ತಡವಾಯಿತು. ಮಳೆಗಾಲವೂ ನಡುವೆ ಕಳೆದುಹೋಯಿತು. ಅಷ್ಟು ದಿನ ಖಾಲಿ ಗೂಟಕ್ಕೆ ಅವ್ವ ರವಿಕೆ ಒಣಹಾಕಿದಳು. ಕೋವಿ ಮನೆಗೆ ಬಂದಾಗ ತುಕ್ಕು ಹಿಡಿದಿತ್ತು. ಅಪ್ಪ ತಿಕ್ಕಿ ತಿಕ್ಕಿ ಹೊರಗೆಲ್ಲ ಹೊಳೆಯುವಂತೆ ಮಾಡಿದ. ಊಟಕ್ಕೆ ಬಂದಿದ್ದ ಮಾವ ಅದನ್ನು ಮಡಚಿ, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದ.

"ಭಾವ, ಒಳಗೆ ಹುಳ ತಿಂದಂಗೆ ಆಗಿದೆ. ಮೊದ್ಲಿನಂಗೆ ತುಂಬಿದ್ರೆ ಸಿಡೀತದೆ ನೋಡಿ."

"ನನ್ನ ಕೋವಿ ನಂಗೆ ಗೊತ್ತು ಮಾರಾಯ. ನೀನು ಕಡುಬು ತಿನ್ನು."

"ತಿಂತೀನಿ. ಕಡುಬು ಸಿಡಿಯಲ್ವಲ್ಲ" ಎಂದ ಮಾವ, ತಿನ್ನುತ್ತಲೇ ತನಗೆ ಗೊತ್ತಿದ್ದವನೊಬ್ಬನ ಕೋವಿ ಸಿಡಿದ ಕತೆ ಹೇಳಿದ. ಎಡಗೈ ಚಿಂದಿಯಾಯಿತಂತೆ. ಬೆರಳು ಹುಡುಕಿದರೆ ಹೆಬ್ಬೆರಳು ಸಿಗಲೇ ಇಲ್ಲವಂತೆ. "ಕೂಡೆ ನಾಯಿ ಇತ್ತಲ್ಲ, ಅದು ತಿಂತೋ ಏನೋ."

ಅವ್ವ ಬಡಿಸುವುದನ್ನು ನಿಲ್ಲಿಸಿದಳು. "ಮಸಿನಾದ್ರೂ ಒಂಚೂರು ಕಮ್ಮಿ ಹಾಕ್ಬಾರ್ದಾ?"

"ಕಮ್ಮಿ ಹಾಕಿದ್ರೆ ಹಂದಿಗೆ ಕಚಗುಳಿ ಇಟ್ಟಂಗೆ ಆಗುತ್ತೆ, ಅಷ್ಟೆ. ಒಂಟಿ ಗಂಡುಹಂದಿ, ಸಲಗ, ಅದ್ರ ಹೆಗಲ ಚರ್ಮ ಅಂದ್ರೆ ಎಂಥ ಅಂದ್ಕೊಂಡಿದ್ದೀಯ? ಚಕ್ಕಡಿ ಗಾಲಿ. ಅರ್ಧಕ್ಕೆ ನಿಂತ ಗುಂಡು ಹೊಡೆದೋನನ್ನೇ ಕೊಲ್ಲಿಸುತ್ತೆ."

ಎರಡು ಮಾತನ್ನೂ ನಾನು ಕೇಳಿಸಿಕೊಂಡೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆದರೆ ಆ ಹೊತ್ತಿಗೆ ನನ್ನ ಎದುರಿಗಿದ್ದದ್ದು ಕಡುಬು ಮುರಿಯುತ್ತಿದ್ದ ಅಣ್ಣನ ಕೈ. ಹಂದಿ ಎಲ್ಲೋ ಕಾಡಿನಲ್ಲಿತ್ತು. ಮುಂದಿನ ಸಲ ಚಾಪೆ ಹಾಸಿದಾಗ ಅಪ್ಪ ಪಕ್ಕದಲ್ಲೇ ಕೂತಿದ್ದ. ಅಷ್ಟರಲ್ಲಿ ಯಾರೋ ನೆಂಟರು ರಸ್ತೆಯಿಂದ ಕೂಗಿದರು, ಎದ್ದು ಹೋದ. ಅಣ್ಣ ಕೇಪು ಕೂರಿಸುವುದರಲ್ಲಿ ಮುಳುಗಿದ್ದ. ನಾನು ಮಸಿಯನ್ನು ಗೀಟಿಗಿಂತ ಬಹಳ ಕೆಳಗೇ ನಿಲ್ಲಿಸಿದೆ. ಕಡಿಮೆಯಾದದ್ದು ಕಾಣಬಾರದೆಂದು ಇನ್ನೊಂದು ಕಂಬಳಿ ಬಿಲ್ಲೆ ತುರುಕಿದೆ. ಎಲ್ಲ ತೋಟಾಗಳಿಗೂ ಹಾಗೇ ಮಾಡಿದೆ. ಉಳಿದ ಮಸಿಯನ್ನು ಬಚ್ಚಲ ನೀರಿಗೆ ಬಿಟ್ಟೆ. ಅವತ್ತು ಅಪ್ಪ ದಿಮ್ಮಿಗೆ ಹೊಡೆದು ನೋಡಲಿಲ್ಲ. ಬಂದ ನೆಂಟರ ಜೊತೆ ಹೊರಟುಹೋದ. ಹೊಡೆದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು, ನನಗೆರಡು ಏಟು ಬೀಳುತ್ತಿತ್ತು. ಆ ಎರಡು ಏಟು ನನಗೆ ಬೀಳಲಿಲ್ಲವಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಭತ್ತ ಬಲಿತಿತ್ತು. ಮುಸ್ಸಂಜೆಗೆ ಅಣ್ಣ ಕೋವಿ ಹಿಡಿದು ಗದ್ದೆಗೆ ಇಳಿದ. ನಾನು ಒಲೆ ಮುಂದೆ ಕೂತಿದ್ದೆ. ಈಡು ಕೇಳಿಸಿತು. ನಮ್ಮ ಕೋವಿಯ ಸದ್ದು ಯಾವಾಗಲೂ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಆವತ್ತು ವಾಪಸು ಬರಲಿಲ್ಲ. ನಾನು ಹಾಕಿದ ಮಸಿ ನೆನಪಾಗಿ ಒಲೆ ಮುಂದಿನಿಂದ ಎದ್ದೆ. ಆಮೇಲೆ ಅಣ್ಣನ ಕೂಗು. ಅಪ್ಪ ಮಂಡಿನೋವು ಮರೆತು ಓಡಿದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರ ಜೊತೆ ಅವನನ್ನು ಕಂಬಳಿಯಲ್ಲಿ ಹಾಕಿ ಹೊತ್ತು ತಂದರು. ತೊಡೆಯಿಂದ ಮಂಡಿಯ ತನಕ ಹಂದಿ ಸೀಳಿಹಾಕಿತ್ತು. ಜೀಪಿಗೆ ಹಾಕುವಾಗ ಅಣ್ಣ ಒಂದೇ ಮಾತು ಹೇಳುತ್ತಿದ್ದ: "ಬಲಗಡೆ ಕೋರೆ ಮುರಿದ ಸಲಗ ಅಪ್ಪ, ಹೊಡ್ದೆ ಅಪ್ಪ, ಹೊಡ್ದಿದ್ದೆ." ಮೂಡಿಗೆರೆಗೆ, ಅಲ್ಲಿಂದ ಮಂಗಳೂರಿಗೆ. ಅಪ್ಪನೂ ಅವ್ವನೂ ಅವನ ಜೊತೆ ಹೋದರು.

ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮಾರನೇ ಬೆಳಿಗ್ಗೆ ಮೊದಲು ಮಾಡಿದ ಕೆಲಸವೆಂದರೆ ಉಳಿದಿದ್ದ ತೋಟಾಗಳನ್ನೆಲ್ಲ ಬಿಚ್ಚಿ, ಗೀಟಿನ ತನಕ ಸರಿಯಾಗಿ ಮಸಿ ಹಾಕಿ ಮುಚ್ಚಿದ್ದು. ಹೆದರಿಕೆಯಿಂದ ಮಾಡಿದ ಮೊದಲ ತಪ್ಪನ್ನು ನನ್ನ ದೇವರು ಕ್ಷಮಿಸಿಯಾನು. ಇದನ್ನು ಕ್ಷಮಿಸುವುದು ಕಷ್ಟ. ನನ್ನ ಕೈ ಕೂಡ ಆಗ ನಡುಗಲಿಲ್ಲ. ಒಂದು ಕಾಳು ಮಸಿ ಚೆಲ್ಲಲಿಲ್ಲ.

ಹಸು ನೋಡಿಕೊಳ್ಳಲು ಅಪ್ಪ ಮಂಗಳೂರಿನಿಂದ ವಾಪಸಾದ ದಿನ ಮಾವ ಬಾಳೆಲೆಯಲ್ಲಿ ಕಟ್ಟಿದ ಮಾಂಸ ತಂದ. ಊರಿನವರು ನಾಯಿ ಬಿಟ್ಟು, ಗುಡ್ಡದಾಚೆ ಅದೇ ಸಲಗವನ್ನು ಹೊಡೆದುಹಾಕಿದ್ದರು. ಪೆಟ್ಟು ತಿಂದವರ ಮನೆಗೆ ಒಂದು ಪಾಲು ಕಳಿಸುವುದು ನಮ್ಮಲ್ಲಿ ರೂಢಿ.

"ಬಲಗಡೆ ಕೋರೆ ಮುರಿದಿತ್ತು ಭಾವ, ಅದೇ" ಎಂದ ಮಾವ. ಆಮೇಲೆ ಸ್ವರ ತಗ್ಗಿಸಿದ. "ರೋಮ ಸುಡಕ್ಕೆ ಮೊದ್ಲು ಎಲ್ಲ ಕಡೆ ನೋಡಿದ್ವಿ. ಇದ್ದ ತೂತೆಲ್ಲ ನಮ್ಮ ಕೋವಿಗಳದ್ದೇ. ಚಂದ್ರಂದು ಬಿದ್ದಿಲ್ಲ."

ನಾನು ಮಾಂಸ ತೊಳೆಯಲು ಬಚ್ಚಲಿಗೆ ಒಯ್ದೆ. ಸುಟ್ಟು ಹೆರೆದ ಚರ್ಮ ಹಾಗೇ ಇದ್ದ ಹೆಗಲಿನ ತುಂಡೊಂದು. ಹೆಚ್ಚುವಾಗ ಕತ್ತಿಗೆ ಗಟ್ಟಿಯಾಗಿ ಏನೋ ತಾಗಿತು. ಆ ದಪ್ಪ ಚರ್ಮದ ಅಡಿಯಲ್ಲೇ, ಇನ್ನೂ ಒಳಕ್ಕೆ ಹೋಗಲು ಆಗದೆ ಒಂದು ಗುಂಡು ಕೂತಿತ್ತು. ಸುಡುವ ಮೊದಲು ಕೆಸರು ಮೆತ್ತಿ, ಸುಟ್ಟ ಮೇಲೆ ಚರ್ಮ ಬಿಗಿದು, ಹೊರಗಿನ ತೂತು ಯಾರಿಗೂ ಕಂಡಿರಲಿಲ್ಲ. ತೊಳೆದೆ. ನಡುವಿನಲ್ಲಿ ಏಣು. ಚಪ್ಪಟೆಯಾಗಿರಲಿಲ್ಲ, ಅಂಚು ಹರಿದಿರಲಿಲ್ಲ. ಅಚ್ಚಿನಿಂದ ಈಗಷ್ಟೇ ಬಿದ್ದ ಹಾಗೆ ಉರುಟಾಗಿಯೇ ಇತ್ತು. ಅಣ್ಣ ಎಲ್ಲಿಗೆ ಹೊಡೆಯಬೇಕಿತ್ತೋ ಅಲ್ಲಿಗೇ ಹೊಡೆದಿದ್ದ. ಅದನ್ನು ತಗೊಂಡು ಮುಂದಿನ ಕೋಣೆಗೆ ಹೋದರೆ ಸಾಕಿತ್ತು. ಅಪ್ಪ ಒಂದು ಸಲ ಸವರಿದರೆ ಎಲ್ಲ ಗೊತ್ತಾಗುತ್ತಿತ್ತು. ಯಾರ ಕೈ, ಯಾರ ಮಸಿ, ಎಲ್ಲ. ನಾನು ಅದನ್ನು ಲಂಗದ ನೆರಿಗೆಯಲ್ಲಿ ಸಿಕ್ಕಿಸಿಕೊಂಡು ಸಾರಿಗೆ ಖಾರ ರುಬ್ಬಿದೆ.

ಅಣ್ಣ ಊರುಗೋಲು ಹಿಡಿದು ಮನೆಗೆ ಬಂದ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ.

"ಅಪ್ಪ, ಈಡು ಮೆತ್ತಗಿತ್ತು ಅನ್ಸುತ್ತೆ. ಭುಜಕ್ಕೆ ಒದೀಲೇ ಇಲ್ಲ."

ಅಪ್ಪ ಊಟ ಬಿಟ್ಟು ಎದ್ದ. ತೋಟಾ ಡಬ್ಬಿಯಿಂದ ಒಂದನ್ನು ತೆಗೆದು ಕೊಟ್ಟಿಗೆಯ ಹಿಂದೆ ಹೋದ. ಈಡು ಗುಡ್ಡಕ್ಕೆ ಬಡಿದು ವಾಪಸು ಬಂತು. ಚಪ್ಪಟೆಯಾದ ಗುಂಡನ್ನು ತಂದು ಅಣ್ಣನ ತಟ್ಟೆಯ ಪಕ್ಕ ಇಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಸುಜಿ, ಗೀಟಿನ ತನಕ ಹಾಕಿದ್ದೆ ತಾನೇ?"

"ಹಾಕಿದ್ದೆ."

ಅಪ್ಪ ತಲೆಯಾಡಿಸಿದ. ಅಣ್ಣ ನನ್ನನ್ನು ನೋಡಿದ. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ನಾನು ಅಲ್ಲೇ ಒಡೆದುಹೋಗುತ್ತಿದ್ದೆನೋ ಏನೋ. ಇರಲಿಲ್ಲ. ಸುಜಿ ಹಾಕಿದ್ದೆ ಅಂದಳಲ್ಲ, ಹಾಗಾದರೆ ಹಾಕಿದ್ದಾಳೆ, ಅಷ್ಟೇ ಇತ್ತು.

"ಹಂಗಾರೆ ನನ್ನ ಕೈನೇ ನಡುಗಿರ್ಬೇಕು" ಎಂದ.

"ನಡುಗೋ ಕೈಗೆ ಕೋವಿ ಕೊಟ್ಟು ನಾನು ಪಾಪ ಕಟ್ಕೊಳ್ಳಲ್ಲ" ಎಂದ ಅಪ್ಪ. ಮುಂದಿನ ಚುನಾವಣೆಗೆ ಠಾಣೆಗೆ ಕೊಟ್ಟ ಕೋವಿಯನ್ನು ಬಿಡಿಸಿಕೊಂಡು ಬರಲಿಲ್ಲ. ಗೂಟ ಖಾಲಿಯಾಯಿತು. ಅವ್ವ ಆ ಗೂಟಕ್ಕೆ ಮತ್ತೆ ರವಿಕೆ ಒಣಹಾಕಲಿಲ್ಲ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಈಳಿಗೆಮಣೆಗೆ ಬಂತು. ಅವಳು ಅದಕ್ಕೂ ಏನೂ ಹೇಳಲಿಲ್ಲ.

ಕಾಲು ಕುಂಟಿದರೂ ಅಣ್ಣ ನಡೆದ. ನಿಂತದ್ದು ಕೈ. ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ. ಕಸಿಯ ಚಾಕು ಮುಟ್ಟಲಿಲ್ಲ. ಒಂದು ದಿನ ಜಡೆ ಹಾಕು ಅಂದೆ. "ಬೇಡ ಕಣೇ, ಬಾಚಣಿಗೆ ಚುಚ್ಚೀತು" ಅಂದ. ನಾನು ಹತ್ತಿರದಿಂದ ಗಮನಿಸಿದ್ದೇನೆ. ಆ ಕೈ ನಡುಗುತ್ತಿರಲಿಲ್ಲ. ನಡುಗುತ್ತದೆ ಎಂದು ಅವನು ಹೆದರಿಕೊಂಡಿದ್ದ, ಅಷ್ಟೆ. ಮದುವೆಯಾಗಿ ಸಂಸೆಯ ಕಡೆ ಹೋಗಿ ಕಾಫಿ, ಕಿತ್ತಳೆ ಸಸಿಯ ನರ್ಸರಿ ಮಾಡಿಕೊಂಡ. ಕಸಿ ಕಟ್ಟುವುದೆಲ್ಲ ಅತ್ತಿಗೆ, ಅವನು ಮಣ್ಣು ತುಂಬುತ್ತಾನೆ. ಮಗಳು ಹುಟ್ಟಿದಾಗ ನಾನು ಬಾಣಂತನಕ್ಕೆ ಹೋಗಿದ್ದೆ. ಕೂಸನ್ನು ಅವನ ಕೈಗೆ ಕೊಡಲು ಹೋದರೆ ಹಿಂದಕ್ಕೆ ಸರಿದ. ಕಳಸದಿಂದ ಸಂಸೆಗೆ ಎಷ್ಟು ದೂರ? ಬಸ್ಸು ಹತ್ತಿದರೆ ಬೆವರು ಆರುವಷ್ಟರಲ್ಲಿ ಇಳಿಯಬಹುದು. ಹಬ್ಬಕ್ಕೆ, ತಿಥಿಗೆ, ಸುಮ್ಮನೆ, ಎಷ್ಟು ಸಲ ಹೋಗಿದ್ದೇನೆ. ಆ ಗುಂಡು ನನ್ನ ಹೊಲಿಗೆ ಡಬ್ಬಿಯಲ್ಲಿ ದಾರದ ಉಂಡೆಗಳ ಕೆಳಗೆ ಇತ್ತು. ಮೊದಲು ಅಪ್ಪನಿಗೆ ಹೆದರಿದೆ, ಆಮೇಲೆ ಗಂಡನ ಮನೆಯವರಿಗೆ. ಅಪ್ಪ ಹೋದ ಮೇಲೆ ಹೆದರಬೇಕಾದವರು ಯಾರೂ ಉಳಿದಿರಲಿಲ್ಲ. ಆಗಲೂ ಬಾಯಿ ಬರಲಿಲ್ಲ. ಅದು ಹೆದರಿಕೆಯಲ್ಲ, ಮತ್ತೇನು ಅಂತ ನನಗೆ ಹೇಳಲು ಬರುವುದಿಲ್ಲ.

ಈ ವರ್ಷ ಆ ಮಗಳಿಗೆ ಗಂಡುಮಗುವಾಯಿತು. ನಾಮಕರಣಕ್ಕೆ ಹೋದೆ. ತೊಟ್ಟಿಲಿಗೆ ಹಾಕುವ ಮೊದಲು ಅಜ್ಜ ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಲಿ ಎಂದು ಬೀಗರು ಕೂಸನ್ನು ಅಣ್ಣನ ಮುಂದೆ ಹಿಡಿದರು.

"ಬೇಡ ಬೇಡ, ಬೇರೆಯವ್ರು ಎತ್ಕೊಳ್ಳಿ. ನನ್ನ ಕೈ ಸರಿ ಇಲ್ಲ."

"ಅದೆಂಥ ಮಾರಾಯ್ರೆ, ಹೋಳಿಗೆ ಮುರಿಯಕ್ಕೆ ಮಾತ್ರ ಸರಿ ಇದ್ಯಾ?" ಎಂದರು ಬೀಗರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಗುತ್ತಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆ ಕೈಗಳು ನನ್ನ ಕಡೆಗಿದ್ದವು.

ಊಟವಾದ ಮೇಲೆ ಅವನು ನರ್ಸರಿಯ ನೆರಳಿನಲ್ಲಿ ಹೋಗಿ ಕೂತ. ನಾನು ಚೀಲ ತಗೊಂಡು ಹೋಗಿ ಪಕ್ಕದಲ್ಲಿ ಕೂತೆ. ಹೊಲಿಗೆ ಡಬ್ಬಿಯಿಂದ ಆವತ್ತು ಬೆಳಿಗ್ಗೆ ಯಾಕೆ ಅದನ್ನು ತೆಗೆದುಕೊಂಡು ಬಂದಿದ್ದೆನೋ ಗೊತ್ತಿಲ್ಲ. ಎಷ್ಟೋ ಸಲ ತಂದು ವಾಪಸು ಒಯ್ದಿದ್ದೆ. ಅವನ ಅಂಗೈ ಬಿಡಿಸಿ ಅದರಲ್ಲಿಟ್ಟೆ. ಅವನು ಹೆಬ್ಬೆರಳಿನಿಂದ ತಿರುಗಿಸಿದ. ಏಣು ಸಿಕ್ಕಿದ ಕಡೆ ಬೆರಳು ನಿಂತಿತು.

"ಇದು ನಮ್ಮ ಅಚ್ಚಿಂದು. ನಿನ್ನತ್ರ ಹೆಂಗೆ ಬಂತೇ?"

"ಆ ಸಲಗದ್ದು. ನಮ್ಮನೆಗೆ ಬಂದ ಪಾಲಲ್ಲಿತ್ತು. ಹೆಗಲಲ್ಲಿ."

"ಹೆಗಲಲ್ಲಿತ್ತಾ?"

"ಹೂಂ."

"ನಾನು ಅಲ್ಲಿಗೇ ಹಿಡ್ದಿದ್ದೆ" ಎಂದ ಅಣ್ಣ, ನನಗಲ್ಲ, ಎದುರಿನ ಸಸಿಗಳಿಗೆ ಹೇಳುವ ಹಾಗೆ. ಆಮೇಲೆ ಗುಂಡನ್ನು ಬೆಳಕಿಗೆ ಹಿಡಿದ. ಅಪ್ಪನ ಮಗ ಅವನು, ಅವನಿಗೆ ತಿಳಿಯದ್ದೇನೂ ಇರಲಿಲ್ಲ. ಆದರೂ ಕೇಳಿದ. "ಆದ್ರೆ ಉರುಟಾಗೇ ಇದ್ಯಲ್ಲೇ, ಸುಜಿ?"

"ಮಸಿ ಕಮ್ಮಿ ಹಾಕಿದ್ದೆ ಅಣ್ಣ. ಬೇಕಂತಲೇ ಹಾಕಿದ್ದು. ಕೋವಿ ಸಿಡಿದು ನಿನ್ನ ಕೈ ಹೋಗುತ್ತೆ ಅಂತ ಹೆದ್ರಿದ್ದೆ. ಆಮೇಲೆ ಉಳಿದಿದ್ದಕ್ಕೆಲ್ಲ ಸರಿಯಾಗಿ ತುಂಬಿಟ್ಟೆ, ಅಪ್ಪ ಕೇಳ್ದಾಗ ಸುಳ್ಳು ಹೇಳ್ದೆ. ನಿನ್ನ ಕೈ ಆವತ್ತೂ ನಡುಗಿರ್ಲಿಲ್ಲ, ಈಗ್ಲೂ ನಡುಗ್ತಿಲ್ಲ, ನೋಡು. ನಂದು ತಪ್ಪಾಯ್ತು ಅಣ್ಣ."